ಮರದ ತೊಗಟೆಯ ಎಲೆ ಕಲ್ಲುಹೂವನ್ನು ತಪ್ಪಿಲ್ಲದೆ ಗುರುತಿಸುವ ಕ್ರಮ

ಧಾರವಾಡ, ಹಾವೇರಿ, ಗದಗ ಭಾಗದ ಸಸ್ಯಶಾಸ್ತ್ರ ವಿದ್ಯಾರ್ಥಿಗಳೂ ಪ್ರಕೃತಿ ಆಸಕ್ತರೂ ತೊಗಟೆಯ ಮೇಲಿನ ಬೂದು ಬಣ್ಣದ ಎಲೆ ಕಲ್ಲುಹೂವಿಗೆ (ಎಲೆಯಂತೆ ಬೆಳೆಯುವ ಲೈಕನ್‌ಗೆ) ಹೆಸರು ಹಚ್ಚುವಾಗ ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಿದ್ದಾರೆ. ಮೇಲಿನಿಂದ ಒಂದು ಚಿತ್ರ ತೆಗೆದು, ಬಣ್ಣವನ್ನು ನೋಡಿ, ಮಸಾಲೆಗೆ ಹಾಕುವ ಕಲ್ಲುಹೂವೇ ಇದೆಂದು ತೀರ್ಮಾನಿಸಿ ಬರೆದಿಡುತ್ತಾರೆ. ಬೂದು ಬಣ್ಣದ ಎಲೆ ಕಲ್ಲುಹೂವುಗಳು ನಮ್ಮಲ್ಲಿ ಹಲವಿವೆ. ಒದ್ದೆಯಾದರೆ ಅವೆಲ್ಲ ಹಸಿರಾಗಿ, ಒಣಗಿದರೆ ಮತ್ತೆ ಬೂದಾಗಿ ಕಾಣುತ್ತವೆ. ಆದ್ದರಿಂದ ಬಣ್ಣವೊಂದನ್ನೇ ನಂಬಿ ಪ್ರಭೇದದ ಹೆಸರನ್ನು ಬರೆಯಲು ಬರುವುದಿಲ್ಲ.

ಈ ಮಾರ್ಗದರ್ಶಿಯು ಒಂದೇ ಪ್ರಭೇದವನ್ನು ಖಚಿತವಾಗಿ ಗುರುತಿಸುವುದಕ್ಕಾಗಿ ಇದೆ. ಅದರ ಹೆಸರು ಪಾರ್ಮೋಟ್ರೆಮಾ ಟಿಂಕ್ಟೋರಮ್. ಅಗಲವಾದ ಹಾಲೆಗಳುಳ್ಳ, ಅಂದರೆ ಎಲೆಯಂತೆ ಕವಲೊಡೆದು ಚಾಚಿದ ಭಾಗಗಳುಳ್ಳ, ಈ ದೊಡ್ಡ ಕಲ್ಲುಹೂವು ತೊಗಟೆಯ ಮೇಲೂ ಬಂಡೆಯ ಮೇಲೂ ಬೆಳೆಯುತ್ತದೆ. ಇದೊಂದನ್ನು ಸರಿಯಾದ ಕ್ರಮದಲ್ಲಿ ಗುರುತಿಸಲು ಕಲಿತವರಿಗೆ ಇದರ ಸುತ್ತಲಿನ ಹತ್ತಾರು ಪ್ರಭೇದಗಳನ್ನು ಬೇರ್ಪಡಿಸುವ ದಾರಿಯೂ ತಾನಾಗಿಯೇ ತಿಳಿಯುತ್ತದೆ. ಕೆಳಗಿನ ಹಂತಗಳ ಅನುಕ್ರಮವನ್ನು ಬದಲಿಸಬಾರದು. ರಾಸಾಯನಿಕದ ಹನಿಯಿಂದಲೇ ಆರಂಭಿಸುವವರಿಗೆ ಬಂದ ಬಣ್ಣವನ್ನು ಯಾವುದರೊಂದಿಗೆ ಹೋಲಿಸಬೇಕೆಂಬುದೇ ಗೊತ್ತಾಗುವುದಿಲ್ಲ.

ಬೇಕಾಗುವ ಸಾಮಾನು

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಡಚುವ ಲೆನ್ಸ್ ಮೊದಲ ಅಗತ್ಯ. ಅಕ್ಕಸಾಲಿಗರು ಕಣ್ಣಿಗೆ ಹಿಡಿದು ನೋಡುವ ಲೆನ್ಸೂ ನಡೆಯುತ್ತದೆ. ಮಕ್ಕಳ ಆಟದ ಭೂತಗನ್ನಡಿ ಸಾಲದು. ಇದರೊಂದಿಗೆ ಮೊಂಡಾದ ಸಣ್ಣ ಚಾಕು, ಹೊಸ ಬ್ಲೇಡು, ಸ್ಕೇಲು, ಪೆನ್ಸಿಲ್, ನೋಟ್‌ಬುಕ್, ಹಳೆಯ ದಿನಪತ್ರಿಕೆ, ನೀರು ಚಿಮುಕಿಸುವ ಬಾಟಲಿ ಇರಲಿ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಸಿಕ್ಕರೆ ತುಂಬ ಒಳ್ಳೆಯದು. ಕೊಳ್ಳುವಾಗ 365 ನ್ಯಾನೊಮೀಟರ್ ಎಂದು ಬರೆದಿರುವುದನ್ನೇ ಕೇಳಿ ಪಡೆಯಬೇಕು, ಏಕೆಂದರೆ 395ರ ಟಾರ್ಚಿನ ನೇರಳೆ ಬೆಳಕೇ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ರಾಸಾಯನಿಕಗಳು ಎರಡೇ ಸಾಕು. ಮೊದಲನೆಯದು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಶೇಕಡಾ 10ರ ದ್ರಾವಣ. ಇದನ್ನು ‘ಕೆ’ ಎನ್ನುತ್ತಾರೆ. ಎರಡನೆಯದು ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬಿಳಿ ಬಟ್ಟೆಗೆ ಬಳಸುವ ದ್ರವ ಬ್ಲೀಚ್, ಇದು ‘ಸಿ’. ಕೆ ತಯಾರಿಸುವಾಗ 10 ಮಿಲಿಲೀಟರ್ ನೀರಿಗೆ 1 ಗ್ರಾಂ ಹರಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಹರಳುಗಳ ಮೇಲೆ ನೀರು ಸುರಿಯಬಾರದು. ದ್ರಾವಣ ಥಟ್ಟನೆ ಬಿಸಿಯಾಗಿ ಸಿಡಿಯಬಹುದು. ಕೈಗವಸು ಮತ್ತು ಕನ್ನಡಕ ಕಡ್ಡಾಯ. ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇದ್ದು ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಬ್ಲೀಚ್‌ನ ಹತ್ತಿರ ಶೌಚಾಲಯ ತೊಳೆಯುವ ಆಸಿಡ್ ಸುಳಿಯಲೂ ಬಾರದು, ಅವೆರಡೂ ಕೂಡಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಪ್ರಯೋಗಾಲಯಗಳಲ್ಲಿ ಬಳಸುವ ‘ಪಿ’ ಎಂಬ ಮೂರನೆಯ ರಾಸಾಯನಿಕವು ವಿಷಕಾರಿಯಾದುದರಿಂದ ಮನೆಯಲ್ಲಿ ಅದರ ಗೊಡವೆಗೆ ಹೋಗಬೇಡಿ. ಈ ಪ್ರಭೇದಕ್ಕೆ ಅದು ಬೇಕಾಗಿಯೂ ಇಲ್ಲ.

ಹಂತ 1: ಕಿರಾಣಿ ಅಂಗಡಿಯ ಕಲ್ಲುಹೂವಿನಲ್ಲಿ ಕೈ ಪಳಗಿಸುವುದು

ಮರದ ಹತ್ತಿರ ಹೋಗುವ ಮೊದಲು ಮಸಾಲೆ ಸಾಮಾನು ಮಾರುವ ಅಂಗಡಿಯಿಂದ 50 ಗ್ರಾಂ ಕಲ್ಲುಹೂವು ತನ್ನಿ. ಹುಬ್ಬಳ್ಳಿಯ ಕಿರಾಣಿ ಅಂಗಡಿಗಳಲ್ಲಿ ದಗಡಫೂಲ ಎಂದರೂ ಇದನ್ನೇ ಕೊಡುತ್ತಾರೆ. ಆ ಪೊಟ್ಟಣದಲ್ಲಿ ಬಹುಮಟ್ಟಿಗೆ ಪಾರ್ಮೋಟ್ರೆಮಾ ಕುಲದ ಪ್ರಭೇದಗಳೇ ಬೆರೆತಿರುತ್ತವೆ. ಅಭ್ಯಾಸಕ್ಕೆ ಇದಕ್ಕಿಂತ ಸುಲಭದ ಸಾಮಗ್ರಿ ಇನ್ನೊಂದಿಲ್ಲ, ಮರಕ್ಕೂ ಹಾನಿಯಿಲ್ಲ.

ಅಗಲವಾದ ಒಂದು ತುಣುಕನ್ನು ಆರಿಸಿ ಹತ್ತು ನಿಮಿಷ ನೀರಿನಲ್ಲಿ ನೆನೆಸಿ. ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದದ್ದು ಮೆತ್ತನೆಯ ತೊಗಲಿನಂತಾಗುತ್ತದೆ. ಅದನ್ನು ಮಗುಚಿ ಬಿಳಿಯ ತಟ್ಟೆಯ ಮೇಲಿಟ್ಟು ಲೆನ್ಸ್ ಹಿಡಿದು ನೋಡಿ. ನಡುಭಾಗ ಕಪ್ಪಗಿದ್ದು, ಅಲ್ಲಿ ಚಿಕ್ಕ ಕಪ್ಪು ಬೇರಿನಂಥ ಎಳೆಗಳಿರುತ್ತವೆ. ಅಂಚಿಗೆ ಬರುತ್ತಿದ್ದಂತೆ ಕಪ್ಪು ಕಂದಾಗಿ ತಿರುಗಿ, ಎಳೆಗಳೇ ಇಲ್ಲದ, ನುಣುಪಾಗಿ ಹೊಳೆಯುವ ಪಟ್ಟಿಯೊಂದು ಕಾಣುತ್ತದೆ. ಅಂಚಿನ ಈ ಬೋಳು ಪಟ್ಟಿಯೇ ಪಾರ್ಮೋಟ್ರೆಮಾ ಕುಲದ ಮುಖ್ಯ ಗುರುತು. ಪೊಟ್ಟಣದ ಇಪ್ಪತ್ತು ತುಣುಕುಗಳನ್ನಾದರೂ ಮಗುಚಿ ನೋಡಿ, ಲೆನ್ಸ್ ಇಲ್ಲದೆಯೂ ಈ ಪಟ್ಟಿ ಕಣ್ಣಿಗೆ ಬೀಳುವವರೆಗೆ ಅಭ್ಯಾಸ ಮಾಡಿ. ಅಭ್ಯಾಸಕ್ಕೆ ಬಳಸಿದ ತುಣುಕುಗಳು ಮರಳಿ ಅಡುಗೆಮನೆಗೆ ಹೋಗಬಾರದು.

ಹಂತ 2: ಎಲ್ಲಿ ಮತ್ತು ಯಾವಾಗ ಹುಡುಕಬೇಕು

ಕಲ್ಲುಹೂವಿಗೆ ಬೇರಿಲ್ಲ. ನೀರನ್ನೂ ಲವಣಗಳನ್ನೂ ಅದು ಗಾಳಿ, ಮಳೆ, ಇಬ್ಬನಿಗಳಿಂದ ಇಡೀ ಮೈಯಿಂದಲೇ ಹೀರಿಕೊಳ್ಳುತ್ತದೆ. ಈ ಕಾರಣಕ್ಕೆ ಗಾಳಿಯ ಹೊಗೆ, ವಿಶೇಷವಾಗಿ ಗಂಧಕದ ಡೈಆಕ್ಸೈಡ್, ಅನೇಕ ಪ್ರಭೇದಗಳನ್ನು ಕೊಲ್ಲುತ್ತದೆ. ಹುಬ್ಬಳ್ಳಿಯ ದಟ್ಟ ವಾಹನ ಸಂಚಾರದ ರಸ್ತೆಯ ಬದಿಯಲ್ಲಿ ಅಗಲ ಹಾಲೆಯ ಪಾರ್ಮೋಟ್ರೆಮಾವನ್ನು ಹುಡುಕುತ್ತ ಕಾಲ ಕಳೆಯಬೇಡಿ. ಅಂಥಲ್ಲಿ ಸಿಗುವ ಬೂದು ಮಚ್ಚೆಗಳು ಹೊಗೆ-ದೂಳನ್ನು ತಾಳಿಕೊಳ್ಳುವ ಪಿಕ್ಸೀನ್ ಅಥವಾ ಡಿರಿನೇರಿಯಾ ಎಂಬ ಬೇರೆ ಕುಲಗಳ ಕಲ್ಲುಹೂವುಗಳಾಗಿರುವ ಸಂಭವವೇ ಹೆಚ್ಚು.

ನಮ್ಮ ಸೀಮೆಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಮಳೆಯೂ ಗಾಳಿಯ ತೇವವೂ ಹೆಚ್ಚುತ್ತವೆ. ಗದಗ ಕಡೆಯ ಬಯಲು ಎರೆ ಹೊಲಗಳಲ್ಲಿ ಮರಗಳೇ ವಿರಳ, ಗಾಳಿಯೂ ಒಣ. ಧಾರವಾಡದಿಂದ ಕಲಘಟಗಿ, ಅಳ್ನಾವರದ ದಿಕ್ಕಿನಲ್ಲಿ, ಹಾಗೆಯೇ ಹಾವೇರಿ ಜಿಲ್ಲೆಯ ಹಾನಗಲ್ ಕಡೆಯ ಹಳೆಯ ತೋಟಗಳಲ್ಲಿ ಹುಡುಕುವುದು ಫಲಕಾರಿ. ವಯಸ್ಸಾದ ಮಾವು, ಹಲಸು, ಹುಣಸೆಯಂಥ ಒರಟು ತೊಗಟೆಯ ಮರಗಳನ್ನು ಮೊದಲು ನೋಡಿ. ಪೇರಲ, ನೀಲಗಿರಿಯಂತೆ ತೊಗಟೆ ಕಳಚುವ ಮರಗಳ ಮೇಲೆ ಕಲ್ಲುಹೂವು ನೆಲೆ ನಿಲ್ಲುವುದು ಕಷ್ಟ. ಹೆದ್ದಾರಿಯ ಸಾಲುಮರಗಳ ಬುಡಕ್ಕೆ ಸುಣ್ಣ, ಕೆಮ್ಮಣ್ಣು ಬಳಿದಿರುತ್ತಾರೆ. ಅಲ್ಲಿ ಪಟ್ಟಿಗಿಂತ ಮೇಲಿನ ಕಾಂಡವನ್ನಷ್ಟೇ ಪರೀಕ್ಷಿಸಬೇಕು.

ಕಾಲದ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟವಾಗಿದೆ: ಅಡ್ಡಮಳೆಯ ಗಾಳಿ ಬೀಸಿ ಹೋದ ಮರುದಿನ ಬೆಳಿಗ್ಗೆ ಹೊರಡಿ. ಮುರಿದುಬಿದ್ದ ಕೊಂಬೆಗಳ ಮೇಲೆ, ನಾವು ಎಂದೂ ಮುಟ್ಟಲಾಗದ ಎತ್ತರದ ಕಲ್ಲುಹೂವು ನೆಲದಲ್ಲೇ ಸಿಗುತ್ತದೆ. ಬಿದ್ದ ಕೊಂಬೆಯಿಂದ ತೆಗೆದುಕೊಂಡರೆ ಬೆಳೆಯುತ್ತಿರುವ ಒಂದನ್ನೂ ಕೀಳುವ ಪ್ರಸಂಗ ಬರುವುದಿಲ್ಲ.

ಎಚ್ಚರಿಕೆ: ಕಪ್ಪತಗುಡ್ಡದಂಥ ವನ್ಯಜೀವಿ ಧಾಮದಲ್ಲಿ, ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಚೂರನ್ನೂ ತೆಗೆಯಬಾರದು. ಖಾಸಗಿ ತೋಟದಲ್ಲಿ ಮಾಲೀಕರನ್ನು ಕೇಳಿಯೇ ಮುಟ್ಟಬೇಕು. ಕೇಳಲು ಹೋದಾಗ ಅವರು ಖಂಡಿತವಾಗಿ ಇದು ಗಿಡದ ರಸ ಹೀರುವ ರೋಗವೇ ಎಂದು ವಿಚಾರಿಸುತ್ತಾರೆ. ಅಲ್ಲವೆಂದು ಧೈರ್ಯವಾಗಿ ಹೇಳಿ. ಮಾವಿನ ಕೊಂಬೆಯೊಳಕ್ಕೆ ಬೇರಿಳಿಸಿ ರಸ ಹೀರುವುದು ಬದನಿಕೆ. ಕಲ್ಲುಹೂವು ತೊಗಟೆಯನ್ನು ಕೂರಲು ಜಾಗವಾಗಿ ಮಾತ್ರ ಬಳಸಿಕೊಳ್ಳುತ್ತದೆ. ಒಣಗುತ್ತಿರುವ ಕೊಂಬೆಯಲ್ಲಿ ಎಲೆಯುದುರಿ ಬೆಳಕು ಹೆಚ್ಚಾಗುವುದರಿಂದ ಕಲ್ಲುಹೂವು ಅಲ್ಲಿ ದಟ್ಟವಾಗುತ್ತದೆ, ಅದನ್ನು ಕಂಡ ರೈತರು ಕೊಂಬೆ ಒಣಗಿದ್ದು ಅದರಿಂದಲೇ ಎಂದು ತಿಳಿಯುತ್ತಾರೆ. ಇಷ್ಟು ವಿವರಿಸಿದರೆ ತೊಗಟೆ ಕೆರೆಯುವ, ಮೈಲುತುತ್ತ ಬಳಿಯುವ ಒಂದು ಅನಾವಶ್ಯಕ ಖರ್ಚೂ ತಪ್ಪೀತು.

ಹಂತ 3: ಅದು ಎಲೆಯ ಬಗೆಯ ಕಲ್ಲುಹೂವೇ ಎಂದು ಖಚಿತಪಡಿಸಿಕೊಳ್ಳುವುದು

ನಮ್ಮಲ್ಲಿ ತೊಗಟೆಯ ಮೇಲಿನ ಎಲ್ಲವನ್ನೂ ಹಾವಸೆ ಅಥವಾ ಪಾಚಿ ಎಂದು ಕರೆಯುವ ರೂಢಿಯಿದೆ. ಚಿಕ್ಕ ಕಾಂಡ, ಅದಕ್ಕೆ ಸುತ್ತಲೂ ಹಸಿರೆಲೆಗಳಿದ್ದರೆ ಅದು ಹಾವಸೆ. ಕಿತ್ತಳೆ ಬಣ್ಣದ ವೆಲ್ವೆಟ್ ಬಳಿದಂತೆ ಇದ್ದರೆ ಅದು ಟ್ರೆಂಟಿಪೋಲಿಯಾ ಎಂಬ ಶೈವಲ. ಕಲ್ಲುಹೂವಿನಲ್ಲಿ ಶಿಲೀಂಧ್ರದ ಎಳೆಗಳ ಹೆಣಿಗೆಯೊಳಗೆ ಶೈವಲದ ಕೋಶಗಳು ಸೇರಿಕೊಂಡಿರುತ್ತವೆ. ತುಣುಕಿನ ಅಂಚನ್ನು ಬ್ಲೇಡಿನಿಂದ ಓರೆಯಾಗಿ ಸೀಳಿದರೆ ಮೇಲೊಂದು ಬೂದು ಪೊರೆ, ಅದರಡಿ ತೆಳ್ಳಗೆ ಹಸಿರು ಗೆರೆ, ಅದರ ಕೆಳಗೆ ಹತ್ತಿಯಂಥ ಬಿಳಿ ತಿರುಳು, ಕೊನೆಗೆ ಕಪ್ಪು ತಳ ಲೆನ್ಸಿನಲ್ಲಿ ಕಾಣುತ್ತವೆ.

ಆಮೇಲೆ ಆಕಾರ. ಉಗುರಿನಿಂದ ಅಂಚನ್ನು ಮೆಲ್ಲಗೆ ಎತ್ತಲು ನೋಡಿ. ಬಣ್ಣ ಬಳಿದಂತೆ ತೊಗಟೆಗೆ ಪೂರ್ತಿ ಅಂಟಿಕೊಂಡು ಏಳಲೊಲ್ಲದಿದ್ದರೆ ಅದು ಹಕ್ಕಳೆಯ ಬಗೆಯದು. ದಾರದಂತೆ ಜೋತಾಡುತ್ತಿದ್ದರೆ ಪೊದೆಯ ಬಗೆಯದು. ಎಲೆಯಂತೆ ಮೇಲ್ಮೈ-ಕೆಳಮೈಗಳೆರಡೂ ಬೇರೆಯಾಗಿದ್ದು ಅಂಚು ಮೇಲೇಳುವಂತಿದ್ದರೆ ಮಾತ್ರ ಮುಂದುವರಿಯಿರಿ. ಒದ್ದೆಯಾದಾಗ ಜೆಲ್ಲಿಯಂತೆ ಉಬ್ಬುವ ಕಪ್ಪು-ನೀಲಿ ಛಾಯೆಯ ಎಲೆಗಳು ಬೇರೆಯೇ ಗುಂಪಿಗೆ ಸೇರಿದವು. ಅವನ್ನು ಇಲ್ಲಿಗೇ ಬಿಡಿ.

ಹಂತ 4: ಮರದ ಮೇಲಿರುವಾಗಲೇ ದಾಖಲಿಸುವುದು

ಮರದ ಹೆಸರು, ನೆಲದಿಂದ ಎತ್ತರ, ಕಾಂಡದ ಯಾವ ದಿಕ್ಕು, ಬಿಸಿಲೋ ನೆರಳೋ, ದಿನಾಂಕ, ಊರು ಇವನ್ನು ಅಲ್ಲಿಯೇ ಬರೆಯಿರಿ. ಮನೆಗೆ ಹೋಗಿ ಬರೆದರಾಯಿತು ಎಂದುಕೊಂಡವರ ಪೊಟ್ಟಣಗಳು ಒಂದೇ ವಾರದಲ್ಲಿ ಒಂದಕ್ಕೊಂದು ಅದಲುಬದಲಾಗುತ್ತವೆ. ಸ್ಕೇಲು ಪಕ್ಕಕ್ಕಿಟ್ಟು ಒಂದು ಪೂರ್ಣ ಚಿತ್ರ, ಅಂಚಿನದೊಂದು, ನಡುಭಾಗದ್ದೊಂದು ತೆಗೆಯಿರಿ. ಬಣ್ಣವನ್ನು ಬರೆಯುವಾಗ ಒಣಗಿತ್ತೋ ಒದ್ದೆಯಾಗಿತ್ತೋ ಎಂಬುದನ್ನೂ ಜೊತೆಗೇ ಬರೆಯಬೇಕು.

ಟಿಂಕ್ಟೋರಮ್‌ನ ಹಾಲೆಗಳು ದುಂಡಗಿದ್ದು ಒಂದರಿಂದ ಎರಡು ಸೆಂಟಿಮೀಟರ್, ಕೆಲವೊಮ್ಮೆ ಇನ್ನೂ ಅಗಲವಾಗಿರುತ್ತವೆ. ಹಾಲೆಗಳ ಅಗಲ ಎರಡು-ಮೂರು ಮಿಲಿಮೀಟರ್ ಮಾತ್ರ ಇದ್ದು, ಇಡೀ ಮೈ ತೊಗಟೆಗೆ ಬಿಗಿಯಾಗಿ ಅಂಟಿಕೊಂಡಿದ್ದರೆ ನಿಮ್ಮ ಮುಂದಿರುವುದು ಪಿಕ್ಸೀನ್, ಡಿರಿನೇರಿಯಾ ಅಥವಾ ಫಿಸಿಯಾ. ಕತ್ತಲಾದ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಪಿಕ್ಸೀನ್ ಕೊಕೊಯಿಸ್ ಎಂಬುದು ಉಜ್ವಲ ಹಳದಿಯಾಗಿ ಹೊಳೆಯುತ್ತದೆ, ಅದರ ಪಕ್ಕದಲ್ಲೇ ಇರುವ ಡಿರಿನೇರಿಯಾ ಅಪ್ಲನೇಟಾ ಹಾಗೆ ಹೊಳೆಯುವುದಿಲ್ಲ. ಹಗಲಿನಲ್ಲಿ ಅವಳಿಗಳಂತೆ ಕಾಣುವ ಇವೆರಡು ಆ ಬೆಳಕಿನಲ್ಲಿ ಕ್ಷಣಾರ್ಧದಲ್ಲಿ ಬೇರೆಯಾಗುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು.

ಹಂತ 5: ತುಣುಕನ್ನು ಬಿಡಿಸುವುದು

ಒಣಗಿದ ಕಲ್ಲುಹೂವನ್ನು ಎಂದೂ ಕೀಳಬೇಡಿ. ಅದು ಪುಡಿಯಾಗುತ್ತದೆ, ಮುಖ್ಯವಾಗಿ ಬೇಕಾದ ತಳದ ಎಳೆಗಳು ತೊಗಟೆಯಲ್ಲೇ ಉಳಿದುಬಿಡುತ್ತವೆ. ನೀರು ಚಿಮುಕಿಸಿ ಐದು ನಿಮಿಷ ಬಿಟ್ಟು, ಮೆತ್ತಗಾದ ನಂತರ ಚಾಕುವನ್ನು ಅಂಚಿನಡಿ ಅಡ್ಡಲಾಗಿ ತೂರಿಸಿ ಬಿಡಿಸಬೇಕು. ಐದು ರೂಪಾಯಿ ನಾಣ್ಯದಷ್ಟು ತುಣುಕು ಪರೀಕ್ಷೆಗೆ ಧಾರಾಳವಾಯಿತು, ಆದರೆ ಅದರಲ್ಲಿ ಅಂಚೂ ನಡುಭಾಗವೂ ಎರಡೂ ಇರಬೇಕು. ಕಲ್ಲುಹೂವು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಅಂಗೈಯಗಲದ್ದನ್ನು ಪೂರ್ತಿ ಕಿತ್ತರೆ ಹಲವು ವರ್ಷಗಳ ಬೆಳವಣಿಗೆಯನ್ನು ಒಂದೇ ನಿಮಿಷದಲ್ಲಿ ಕಿತ್ತಂತೆ. ಮರದಲ್ಲಿ ಒಂದೇ ಒಂದು ಇದ್ದರೆ ಚಿತ್ರ ತೆಗೆದು ಹಿಂತಿರುಗಿ.

ಹಂತ 6: ಒಣಗಿಸುವುದು

ಅತ್ಯಂತ ಹೆಚ್ಚು ಮಾದರಿಗಳು ಹಾಳಾಗುವುದು ಇಲ್ಲಿ. ಕೆಲವು ವರ್ಷಗಳ ಹಿಂದೆ ಕಲಘಟಗಿ ಕಡೆಯಿಂದ ತಂದ ತುಣುಕುಗಳನ್ನು ನಾನು ಪ್ಲಾಸ್ಟಿಕ್ ಚೀಲದಲ್ಲೇ ಮೂರು ದಿನ ಬಿಟ್ಟಿದ್ದೆ. ಬಿಚ್ಚಿದಾಗ ಅವುಗಳ ಮೇಲೆ ಬೂಷ್ಟು ಕಟ್ಟಿ, ಮುಗ್ಗಲು ವಾಸನೆ ಹೊಡೆಯುತ್ತಿತ್ತು, ಒಂದನ್ನೂ ಗುರುತಿಸಲಾಗಲಿಲ್ಲ. ಅಂದಿನಿಂದ ಕಾಗದದ ಪೊಟ್ಟಣವನ್ನಲ್ಲದೆ ಬೇರೆಯದನ್ನು ಬಳಸಿಲ್ಲ.

ಮನೆಗೆ ಬಂದ ಕೂಡಲೇ ದಿನಪತ್ರಿಕೆಯ ಮೇಲೆ ಹರಡಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಒಣಗಿಸಿ. ಮುಂಗಾರಿನಲ್ಲಿ ದಿನಕ್ಕೊಮ್ಮೆ ಕಾಗದ ಬದಲಿಸಬೇಕು. ಬಿಸಿಲು, ಒಲೆಯ ಬಿಸಿ ಬೇಡ. ಎಲೆಗಳನ್ನು ಒತ್ತುವಂತೆ ಭಾರ ಹೇರಿದರೆ ಅಂಚಿನ ಸಹಜ ಬಾಗು ಮತ್ತು ಮೇಲ್ಮೈಯ ಚಿಕ್ಕ ಕಡ್ಡಿಗಳು ನಾಶವಾಗುತ್ತವೆ. ಮಡಚಿದರೆ ಚಟ್ಟನೆ ಮುರಿಯುವಂತಾದಾಗ ಒಣಗಿದೆ ಎಂದು ತಿಳಿಯಿರಿ.

ಹಂತ 7: ಮಗುಚಿ ತಳವನ್ನು ಓದುವುದು

ಈಗ ಮೊದಲ ಹಂತದ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ನಡುವೆ ಕಪ್ಪು, ಅಂಚಿಗೆ ಕಂದು ಬಣ್ಣದ ಅಗಲ ಬೋಳು ಪಟ್ಟಿ ಇದ್ದರೆ ಕುಲ ಪಾರ್ಮೋಟ್ರೆಮಾ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಬೇರಿನಂಥ ಎಳೆಗಳು ಅಂಚಿನ ತುದಿಯವರೆಗೂ ಹಬ್ಬಿದ್ದರೆ ಅಥವಾ ಡಿರಿನೇರಿಯಾದಲ್ಲಿರುವಂತೆ ಎಳೆಗಳೇ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಅದು ನಾವು ಹುಡುಕುತ್ತಿರುವುದಲ್ಲ.

ನಂತರ ಅಂಚನ್ನು ಬೆಳಕಿಗೆ ಎದುರಾಗಿ ಹಿಡಿಯಿರಿ. ಕಣ್ಣಿನ ರೆಪ್ಪೆಗೂದಲಿನಂಥ ಕಪ್ಪು ಕೂದಲುಗಳು ಅಂಚಿನಿಂದ ಹೊರಚಾಚಿವೆಯೇ? ಅವನ್ನು ಸಿಲಿಯಾ ಎನ್ನುತ್ತಾರೆ. ಟಿಂಕ್ಟೋರಮ್‌ನಲ್ಲಿ ಅವು ಇರುವುದಿಲ್ಲ. ತಳದ ಎಳೆಗಳು ಹರಿದು ಅಂಚಿನ ಕಡೆ ಇಣುಕುವುದನ್ನು ಸಿಲಿಯಾ ಎಂದು ಭ್ರಮಿಸುವವರು ಹಲವರು. ಕೂದಲು ಅಂಚಿನ ಗೆರೆಯಿಂದಲೇ ಹುಟ್ಟಿದ್ದರೆ ಮಾತ್ರ ಸಿಲಿಯಾ ಎಂದು ಎಣಿಸಬೇಕು, ಮೂರು ಬೇರೆ ಬೇರೆ ಹಾಲೆಗಳಲ್ಲಿ ನೋಡಿದ ಮೇಲೆಯೇ ಇಲ್ಲವೆಂದು ಬರೆಯಬೇಕು.

ಹಂತ 8: ಮೇಲ್ಮೈಯಲ್ಲಿ ಕಡ್ಡಿಯೋ ಹಿಟ್ಟೋ

ಪ್ರಭೇದವನ್ನು ನಿರ್ಧರಿಸುವ ಪ್ರಶ್ನೆ ಇದೇ. ಅನೇಕ ಕಲ್ಲುಹೂವುಗಳು ತಮ್ಮ ಮೈಯ ಚೂರುಗಳನ್ನೇ ಉದುರಿಸಿ ಹರಡುತ್ತವೆ. ಆ ಚೂರುಗಳು ಪೊರೆಯಿರುವ ಚಿಕ್ಕ ಕಡ್ಡಿಗಳಾಗಿದ್ದರೆ ಇಸಿಡಿಯಾ. ಪೊರೆಯಿಲ್ಲದ ಹಿಟ್ಟಿನಂಥ ಪುಡಿಯಾಗಿದ್ದರೆ ಸೊರಿಡಿಯಾ. ಟಿಂಕ್ಟೋರಮ್‌ನಲ್ಲಿ ಇರುವುದು ಇಸಿಡಿಯಾ. ಹಾಲೆಯ ಅಂಚು ನುಣುಪಾಗಿದ್ದು, ನಡುಭಾಗಕ್ಕೆ ಹೋದಂತೆ ರವೆ ಚೆಲ್ಲಿದಂತೆ ಒರಟಾಗುತ್ತದೆ. ಲೆನ್ಸಿನಲ್ಲಿ ಒಂದೊಂದು ರವೆಕಾಳೂ ನಿಂತ ಉರುಟು ಕಡ್ಡಿಯಾಗಿ, ಕೆಲವು ಹವಳದಂತೆ ಕವಲೊಡೆದು ಕಾಣುತ್ತವೆ.

ಸಂದೇಹ ಬಂದರೆ ಒಣಗಿದ ತುಣುಕಿನ ಮೇಲೆ ಬೆರಳ ತುದಿಯನ್ನು ಹಗುರವಾಗಿ ಎಳೆಯಿರಿ. ಸೊರಿಡಿಯಾ ಆಗಿದ್ದರೆ ಬೆರಳಿಗೆ ಮೈದಾ ಹಿಟ್ಟಿನಂತೆ ಪುಡಿ ಹತ್ತುತ್ತದೆ, ಇಸಿಡಿಯಾ ಆಗಿದ್ದರೆ ಮರಳು ಕಾಗದದ ಒರಟು ತಗಲುತ್ತದೆ. ಉದುರಿದ ಇಸಿಡಿಯಾದ ಜಾಗದಲ್ಲಿ ಬಿಳಿ ಚುಕ್ಕೆಗಳು ಉಳಿಯುತ್ತವೆ. ಅದನ್ನು ಕಂಡು ಸೊರಿಡಿಯಾ ಎಂದು ಬರೆಯುವುದು ಸಾಮಾನ್ಯ ತಪ್ಪು, ಆದ್ದರಿಂದ ಸವೆಯದ ಎಳೆಯ ಭಾಗವನ್ನೇ ನೋಡಿ ನಿರ್ಧರಿಸಿ.

ಹಂತ 9: ಕೆ ಮತ್ತು ಸಿ ಪರೀಕ್ಷೆ

ಮರದ ಮೇಲಿನ ಕಲ್ಲುಹೂವಿಗೆ ಎಂದೂ ರಾಸಾಯನಿಕ ಹಾಕಬಾರದು. ಪೂರ್ತಿ ಒಣಗಿದ ತುಣುಕಿನಿಂದ ಅಕ್ಕಿಕಾಳಿನಷ್ಟು ಮುರಿದುಕೊಂಡು, ಬಿಳಿ ಕಾಗದದ ಮೇಲೆ ಹಗಲು ಬೆಳಕಿನಲ್ಲಿ ಪರೀಕ್ಷಿಸಿ. ಹಳದಿ ಬಲ್ಬಿನ ಕೆಳಗೆ ಹಳದಿ ಬಣ್ಣ ಗೊತ್ತಾಗುವುದಿಲ್ಲ.

ಮೊದಲು ಮೇಲ್ಪೊರೆಯ ಮೇಲೆ ಕಡ್ಡಿಯ ತುದಿಯಿಂದ ಕೆ ಮುಟ್ಟಿಸಿ. ಟಿಂಕ್ಟೋರಮ್‌ನಲ್ಲಿ ಅಟ್ರನೋರಿನ್ ಎಂಬ ವಸ್ತುವಿರುವುದರಿಂದ ಆ ಜಾಗ ಹಳದಿಯಾಗುತ್ತದೆ. ಇನ್ನೊಂದು ಚೂರಿನ ಮೇಲ್ಪೊರೆಯನ್ನು ಬ್ಲೇಡಿನಿಂದ ಹೆರೆದು ಬಿಳಿ ತಿರುಳನ್ನು ತೆರೆದು ಅಲ್ಲಿಗೆ ಕೆ ಮುಟ್ಟಿಸಿದರೆ ಬಣ್ಣ ಬದಲಾಗಬಾರದು. ಇಲ್ಲಿ ಒಂದು ಮೋಸವಿದೆ: ದೊಡ್ಡ ಹನಿ ಹಾಕಿದರೆ ಪಕ್ಕದ ಮೇಲ್ಪೊರೆಯ ಹಳದಿ ತಿರುಳಿಗೆ ಹರಿದು ಬಂದು ತಪ್ಪು ಫಲ ತೋರಿಸುತ್ತದೆ. ಹನಿಯು ಸಾಸಿವೆ ಕಾಳಿಗಿಂತ ಚಿಕ್ಕದಿರಲಿ.

ಮೂರನೆಯ ಚೂರಿನ ತಿರುಳಿಗೆ ಸಿ ಮುಟ್ಟಿಸಿ. ಮುಟ್ಟಿಸುವಾಗಲೇ ಲೆನ್ಸ್ ಕಣ್ಣಿಗೆ ಹತ್ತಿರವಿರಬೇಕು. ಟಿಂಕ್ಟೋರಮ್‌ನಲ್ಲಿ ಹೇರಳವಾಗಿರುವ ಲೆಕನೋರಿಕ್ ಆಮ್ಲದಿಂದ ಬಿಳಿ ತಿರುಳು ಕುಂಕುಮದ ನೀರು ಚೆಲ್ಲಿದಂತೆ ಕೆಂಪಾಗಿ, ಕೆಲವೇ ಕ್ಷಣಗಳಲ್ಲಿ ಮಾಸಿಹೋಗುತ್ತದೆ. ಹನಿ ಹಾಕಿ, ಬಾಟಲಿಗೆ ಮುಚ್ಚಳ ಹಾಕಿ, ಆಮೇಲೆ ನೋಡಿದವರಿಗೆ ಏನೂ ಕಾಣದಿರುವುದಕ್ಕೆ ಇದೇ ಕಾರಣ. ಸಿ ಹಳತಾದರೆ ಕ್ಲೋರಿನ್ ಕಳೆದುಕೊಂಡು ನಿಸ್ಸತ್ವವಾಗುತ್ತದೆ. ಚಿಕ್ಕ ಬಾಟಲಿಯಲ್ಲಿ ಇಟ್ಟದ್ದನ್ನು ವಾರಕ್ಕೊಮ್ಮೆ ಬದಲಿಸಿ. ಅಂಗಡಿಯ ಪೊಟ್ಟಣದಲ್ಲಿ ಸಿ ಹಾಕಿದಾಗ ಕೆಂಪಾದ ತುಣುಕೊಂದು ಸಿಕ್ಕಿದ್ದರೆ ಅದನ್ನು ಎತ್ತಿಟ್ಟುಕೊಂಡು, ಪ್ರತಿ ಸಲ ಮೊದಲು ಅದರ ಮೇಲೆ ಪರೀಕ್ಷಿಸಿದರೆ ದ್ರಾವಣ ಸರಿಯಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ಹಂತ 10: ಹೆಸರು ಬರೆಯುವುದು ಮತ್ತು ಕಾಪಿಡುವುದು

ಬೋಳು ಪಟ್ಟಿ ಇದೆ, ಸಿಲಿಯಾ ಇಲ್ಲ, ಇಸಿಡಿಯಾ ಇದೆ, ತಿರುಳು ಕೆ ಹಾಕಿದರೆ ಬದಲಾಗುವುದಿಲ್ಲ, ಸಿ ಹಾಕಿದರೆ ಕೆಂಪು: ಐದೂ ಕೂಡಿದಾಗ ಮಾತ್ರ ಪಾರ್ಮೋಟ್ರೆಮಾ ಟಿಂಕ್ಟೋರಮ್ ಎಂದು ಬರೆಯಿರಿ. ಸಿ ಕೆಂಪಾಯಿತೆಂಬ ಒಂದೇ ಆಧಾರ ಸಾಲದು, ಏಕೆಂದರೆ ಪಾರ್ಮೋಟ್ರೆಮಾ ಆಸ್ಟ್ರೋಸೈನೆನ್ಸ್ ಕೂಡ ಸಿಲಿಯಾ ಇಲ್ಲದೆ, ಸಿ ಹಾಕಿದರೆ ಕೆಂಪಾಗುತ್ತದೆ. ಆದರೆ ಅದರ ಅಂಚಿನಲ್ಲಿ ಇರುವುದು ಸೊರಿಡಿಯಾ. ಇಸಿಡಿಯಾದೊಂದಿಗೆ ಸಿಲಿಯಾ ಇದ್ದು, ತಿರುಳು ಕೆ ಹಾಕಿದಾಗ ಹಳದಿಯಾದರೆ ಪಾರ್ಮೋಟ್ರೆಮಾ ಕ್ರಿನೈಟಮ್‌ನ ಕಡೆ ನೋಡಬೇಕು. ಸೊರಿಡಿಯಾದೊಂದಿಗೆ ಸಿಲಿಯಾ ಇದ್ದು ಕೆ ಹಳದಿಯಾದರೆ ಪಾರ್ಮೋಟ್ರೆಮಾ ಪರ್ಲೇಟಮ್ ಇರಬಹುದು. ಹಳದಿ ಬರುಬರುತ್ತ ಕೆಂಪಿಗೆ ತಿರುಗಿದರೆ ಪಾರ್ಮೋಟ್ರೆಮಾ ರೆಟಿಕ್ಯುಲೇಟಮ್‌ನ ಗುಂಪು. ಐದರಲ್ಲಿ ಒಂದು ಲಕ್ಷಣ ಹೊಂದದಿದ್ದರೂ ಕುಲದ ಹೆಸರನ್ನಷ್ಟೇ ಬರೆದು, ಕಂಡ ಲಕ್ಷಣಗಳನ್ನು ಇದ್ದಂತೆಯೇ ದಾಖಲಿಸಿ. ತಪ್ಪು ಪ್ರಭೇದದ ಹೆಸರಿಗಿಂತ ಸರಿಯಾದ ಕುಲದ ಹೆಸರು ಎಷ್ಟೋ ಮೇಲು.

ಒಣಗಿದ ಮಾದರಿಯನ್ನು ಮಡಚಿದ ದಪ್ಪ ಕಾಗದದ ಪೊಟ್ಟಣದಲ್ಲಿಟ್ಟು, ಹೊರಗಡೆ ನಾಲ್ಕನೆಯ ಹಂತದ ವಿವರಗಳನ್ನು ಪೆನ್ಸಿಲಿನಲ್ಲಿ ಬರೆಯಿರಿ. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಪೊಟ್ಟಣವನ್ನು ಗಾಳಿಯಾಡದ ಚೀಲದಲ್ಲಿ ಸುತ್ತಿ ಒಂದು ವಾರ ಫ್ರೀಜರ್‌ನಲ್ಲಿಟ್ಟರೆ ನುಸಿ ಸಾಯುತ್ತದೆ. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚದೆ, ಕೋಣೆಯ ಉಷ್ಣತೆಗೆ ಬಂದ ನಂತರ ಬಿಚ್ಚಬೇಕು. ತಜ್ಞರ ಅಭಿಪ್ರಾಯ ಬೇಕಾದಾಗ ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಮತ್ತು ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಗಳಲ್ಲಿ ಕಲ್ಲುಹೂವುಗಳ ದೊಡ್ಡ ಸಂಗ್ರಹಗಳಿವೆ. ಮಾದರಿ ಕಳಿಸುವ ಮೊದಲು ಪತ್ರ ಬರೆದು ಕೇಳಿಕೊಳ್ಳಿ.

ರಸ್ತೆಬದಿಯಿಂದ ತಂದದ್ದು ಟಿಂಕ್ಟೋರಮ್ ಎಂದು ಖಚಿತವಾದರೂ ಮಸಾಲೆ ಖಾರಕ್ಕೆ ಸೇರಿಸಬೇಡಿ. ಗಾಳಿಯ ದೂಳಿನಲ್ಲಿರುವ ಸೀಸದಂಥ ಲೋಹಗಳನ್ನು ಕಲ್ಲುಹೂವು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ತೊಳೆದರೂ ಅವು ಪೂರ್ತಿ ಹೋಗುವುದಿಲ್ಲ.